ಕಳುಹಿಸಿದ ಇ-ಮೇಲ್ ತಲುಪಿತೇ? ಗ್ರಾಮ ಪಂಚಾಯತಿ ಸದಸ್ಯರಿಗೊಂದು ಅಧ್ಯಯನ ಪಾಠ

ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯಲ್ಲಿ ಒಂದು ಪ್ರಸ್ತಾವನೆಯ ಗತಿಯೇನಾಯಿತೆಂದು ಸದಸ್ಯರು ಪ್ರಶ್ನಿಸಿದಾಗ ‘ಮೇಲ್ ಮಾಡಲಾಗಿದೆ’ ಎಂಬ ಉತ್ತರ ಬರುತ್ತದೆ. ಅದೇ ಪ್ರಸ್ತಾವನೆಯ ಬಗ್ಗೆ ಮೇಲಿನ ಕಚೇರಿಯಲ್ಲಿ ವಿಚಾರಿಸಿದರೆ ‘ಮೇಲ್ ಬಂದಿಲ್ಲ’ ಎನ್ನುತ್ತಾರೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆಂದು ಭಾವಿಸುವುದು ಸಹಜ. ಆದರೆ ಬಹುತೇಕ ಸಂದರ್ಭಗಳಲ್ಲಿ ಎರಡು ಮಾತುಗಳೂ ನಿಜವೇ ಆಗಿರುತ್ತವೆ. ಇ-ಮೇಲ್ ಹೊರಟದ್ದೂ ನಿಜ, ಸೇರದಿದ್ದದ್ದೂ ನಿಜ. ನಡುವೆ ಏನಾಯಿತೆಂಬುದನ್ನು ತಿಳಿಯುವ ಕ್ರಮವೇ ಈ ಪಾಠದ ವಿಷಯ.

ಇದರೊಂದಿಗೆ ಮೂರನೆಯ ಮಾತೊಂದು ಸಿರುಗುಪ್ಪದಿಂದ ಸಂಡೂರಿನವರೆಗೆ ಎಲ್ಲ ಕೌಂಟರುಗಳಲ್ಲಿಯೂ ಕೇಳಿಬರುತ್ತದೆ: ‘ಸರ್ವರ್ ಇಲ್ರೀ’. ಈ ಮಾತಿಗೆ ಮುಂದಿನ ಪ್ರಶ್ನೆಯೇ ಇರುವುದಿಲ್ಲ, ಮಳೆ ಬರಲಿಲ್ಲ ಎಂದಂತೆ ಎಲ್ಲರೂ ಒಪ್ಪಿ ಹಿಂದಿರುಗುತ್ತಾರೆ. ವಾಸ್ತವದಲ್ಲಿ ಸರ್ವರ್ ಎಂಬುದು ಮೂಕವಾದ ಯಂತ್ರವಲ್ಲ. ಇ-ಮೇಲ್ ವಿಷಯದಲ್ಲಂತೂ ಅದು ತಾನು ಏಕೆ ಸ್ವೀಕರಿಸಲಿಲ್ಲ ಎಂಬುದನ್ನು ಬಹುಮಟ್ಟಿಗೆ ಬರೆದೇ ತಿಳಿಸುತ್ತದೆ. ಆ ಬರಹವನ್ನು ಓದುವವರಿಲ್ಲದಿರುವುದೇ ಮುಖ್ಯ ತೊಂದರೆ.

ಹಗರಿ ನದಿಯ ದಡದಲ್ಲಿರುವ ಒಂದು ಗ್ರಾಮ ಪಂಚಾಯತಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಸತತ ಮಳೆಗೆ ಇಪ್ಪತ್ತಮೂರು ಮಣ್ಣಿನ ಮಾಳಿಗೆ ಮನೆಗಳು ಕುಸಿದಿವೆ. ಪಂಚಾಯತಿಯವರು ಮನೆಮನೆಗೆ ಹೋಗಿ ಪಟ್ಟಿ ಮಾಡಿ, ಛಾಯಾಚಿತ್ರ ತೆಗೆದು, ಶುಕ್ರವಾರ ಸಂಜೆ ತಾಲ್ಲೂಕು ಮಟ್ಟದ ಕಚೇರಿಗೆ ಇ-ಮೇಲ್ ಮಾಡುತ್ತಾರೆ. ಎರಡೇ ನಿಮಿಷದಲ್ಲಿ ಪಂಚಾಯತಿಯ ಅಂಚೆಪೆಟ್ಟಿಗೆಗೆ ಇಂಗ್ಲಿಷಿನಲ್ಲಿ ಒಂದು ಸಂದೇಶ ಬರುತ್ತದೆ. ಕಳುಹಿಸಿದವರ ಹೆಸರಿನ ಜಾಗದಲ್ಲಿ ‘ಮೇಲರ್ ಡೀಮನ್’ ಎಂದಿದೆ. ಇದು ಯಾವುದೋ ವೈರಸ್ ಇರಬೇಕೆಂದು ಅದನ್ನು ಅಳಿಸಲಾಗುತ್ತದೆ. ಎರಡು ವಾರಗಳ ನಂತರ, ಪಕ್ಕದ ಊರಿನವರ ಹೆಸರುಗಳು ಪರಿಹಾರದ ಪಟ್ಟಿಯಲ್ಲಿ ಬಂದು ಈ ಊರಿನ ಇಪ್ಪತ್ತಮೂರು ಕುಟುಂಬಗಳ ಹೆಸರುಗಳು ಬಾರದಿದ್ದಾಗ, ವಾರ್ಡಿನ ಸದಸ್ಯರ ಮನೆಯ ಮುಂದೆ ಜನ ಸೇರುತ್ತಾರೆ. ಸದಸ್ಯರು ಕಂಪ್ಯೂಟರ್ ಮುಟ್ಟಿದವರಲ್ಲ, ಆದರೆ ಉತ್ತರ ಹೇಳಬೇಕಾದವರು ಅವರೇ.

ಇ-ಮೇಲ್ ಸಾಗುವ ದಾರಿ

ಸಿರುಗುಪ್ಪದಿಂದ ಬಳ್ಳಾರಿಗೆ ಸುಮಾರು 55 ಕಿ.ಮೀ. ಮುದ್ದಾಂ ಮೂಲಕ ಕಳುಹಿಸಿದ ಕಾಗದ ಬಸ್ಸಿನಲ್ಲಿ ಹೋಗಿ, ಟಪಾಲು ಶಾಖೆಯಲ್ಲಿ ಮೊಹರು ಹಾಕಿಸಿಕೊಂಡು, ಸ್ವೀಕೃತಿಯೊಂದಿಗೆ ಸಂಜೆಗೆ ಹಿಂದಿರುಗುತ್ತದೆ. ಇ-ಮೇಲ್ ಹಾಗೆ ನೇರವಾಗಿ ಹೋಗುವುದಿಲ್ಲ. ಅದು ಮೊದಲು ಕಳುಹಿಸುವವರ ಖಾತೆ ಇರುವ ಸರ್ವರಿಗೆ ಹೋಗುತ್ತದೆ. ಗ್ರಾಮ ಪಂಚಾಯತಿಯ ಕಟ್ಟಡದಲ್ಲಿ ಸಾಮಾನ್ಯವಾಗಿ ಯಾವ ಮೇಲ್ ಸರ್ವರೂ ಇರುವುದಿಲ್ಲ. ಸರ್ಕಾರಿ ಖಾತೆಯಾದರೆ ಅದು ರಾಷ್ಟ್ರೀಯ ಮಾಹಿತಿ ಕೇಂದ್ರದ, ಅಂದರೆ ಎನ್‌ಐಸಿಯ ವ್ಯವಸ್ಥೆಯಲ್ಲಿದೆ, ಖಾಸಗಿ ಖಾತೆಯಾದರೆ ಗೂಗಲ್‌ನಂತಹ ಸಂಸ್ಥೆಯ ವ್ಯವಸ್ಥೆಯಲ್ಲಿದೆ. ಆ ಸರ್ವರ್ ವಿಳಾಸದಲ್ಲಿ ‘ಅಟ್’ ಚಿಹ್ನೆಯ ನಂತರ ಇರುವ ಭಾಗವನ್ನು ನೋಡುತ್ತದೆ. ಈ ಭಾಗಕ್ಕೆ ಡೊಮೇನ್ ಎಂದು ಹೆಸರು. ಆ ಡೊಮೇನಿನ ಅಂಚೆಯನ್ನು ಯಾವ ಸರ್ವರ್ ಸ್ವೀಕರಿಸುತ್ತದೆಂದು ಅಂತರ್ಜಾಲದ ಹೆಸರುಗಳ ಕೋಶವಾದ ಡಿಎನ್‌ಎಸ್‌ನಲ್ಲಿ ವಿಚಾರಿಸಿ, ಅಲ್ಲಿಗೆ ಸಂಪರ್ಕ ಬೆಳೆಸುತ್ತದೆ. ಸ್ವೀಕರಿಸುವ ಸರ್ವರ್ ವಿಳಾಸದಾರರು ತನ್ನಲ್ಲಿದ್ದಾರೆಯೇ, ಪೆಟ್ಟಿಗೆಯಲ್ಲಿ ಜಾಗವಿದೆಯೇ, ಕಳುಹಿಸಿದವರು ನಂಬಲರ್ಹರೇ ಎಂದು ನೋಡಿ ಒಪ್ಪುತ್ತದೆ ಅಥವಾ ನಿರಾಕರಿಸುತ್ತದೆ. ಒಪ್ಪಿದ ಮೇಲೂ ಅದನ್ನು ಒಳಪೆಟ್ಟಿಗೆಯಲ್ಲಿ ಇಡಬೇಕೋ ಸ್ಪ್ಯಾಮ್ ವಿಭಾಗದಲ್ಲಿ ಇಡಬೇಕೋ ಎಂಬುದನ್ನು ಮತ್ತೆ ನಿರ್ಧರಿಸುತ್ತದೆ.

ಆದ್ದರಿಂದ ಕಂಪ್ಯೂಟರಿನ ಪರದೆಯ ಮೇಲೆ ‘ಸೆಂಟ್’ ಎಂದು ಕಂಡರೆ ಅದರ ಅರ್ಥ ಇಷ್ಟೇ: ಪತ್ರವು ಸ್ವಂತ ಊರಿನ ಅಂಚೆ ಕಚೇರಿಯನ್ನು ಸೇರಿದೆ. ‘ಔಟ್‌ಬಾಕ್ಸ್’ನಲ್ಲಿಯೇ ಉಳಿದಿದ್ದರೆ ಅಷ್ಟೂ ಆಗಿಲ್ಲ, ಅಂತರ್ಜಾಲ ಸಂಪರ್ಕ ಕಡಿದಾಗ ಅಥವಾ ವಿದ್ಯುತ್ ಹೋದಾಗ ಹೀಗಾಗುತ್ತದೆ. ಈ ಎರಡರ ವ್ಯತ್ಯಾಸವನ್ನು ಸಭೆಯಲ್ಲಿ ಯಾವ ಸದಸ್ಯರೂ ಕೇಳಿ ತಿಳಿಯಬಹುದು.

ಹಿಂತಿರುಗಿದ ಸಂದೇಶವನ್ನು ಓದುವ ಬಗೆ

ಮೇಲರ್ ಡೀಮನ್ ದೆವ್ವವೂ ಅಲ್ಲ, ವೈರಸ್ಸೂ ಅಲ್ಲ. ಹಿನ್ನೆಲೆಯಲ್ಲಿ ತಾನಾಗಿ ದುಡಿಯುವ ಕಾರ್ಯಕ್ರಮಕ್ಕೆ ಕಂಪ್ಯೂಟರ್ ಪರಿಭಾಷೆಯಲ್ಲಿ ಇರುವ ಹಳೆಯ ಹೆಸರು ಅದು. ತಲುಪದ ಪತ್ರದ ಮೇಲೆ ಅಂಚೆಯವರು ‘ವಿಳಾಸದಾರರು ದೊರೆಯಲಿಲ್ಲ’ ಎಂದು ಷರಾ ಬರೆದು ಹಿಂದಿರುಗಿಸುವ ಹಾಗೆ, ಈ ಕಾರ್ಯಕ್ರಮವು ಇ-ಮೇಲನ್ನು ಕಾರಣಸಹಿತ ಹಿಂದಿರುಗಿಸುತ್ತದೆ. (ವಂಚಕರು ಇದೇ ಹೆಸರಿನಲ್ಲಿ ನಕಲಿ ಸಂದೇಶ ಕಳುಹಿಸುವುದೂ ಉಂಟು. ಹಿಂತಿರುಗಿದ ಸಂದೇಶದಲ್ಲಿ ಕಾರಣವನ್ನಷ್ಟೇ ಓದಬೇಕು. ಅದರಲ್ಲಿ ಗುಪ್ತಪದ ಕೇಳುವ ಕೊಂಡಿ ಇದ್ದರೆ ಒತ್ತಬಾರದು.)

ಸಂದೇಶದ ಇಂಗ್ಲಿಷ್ ಪಠ್ಯ ಉದ್ದವಾಗಿದ್ದರೂ ಹುಡುಕಬೇಕಾದುದು ಒಂದು ಅಂಕಿಯನ್ನು ಮಾತ್ರ. ಇ-ಮೇಲ್ ಸಾಗಣೆಯ ನಿಯಮಗಳನ್ನು 1982ರಲ್ಲಿ ಜಾನ್ ಪೋಸ್ಟೆಲ್ ಎಂಬ ಅಮೆರಿಕದ ವಿಜ್ಞಾನಿ ಅಕ್ಷರರೂಪಕ್ಕೆ ತಂದರು. ಪ್ರತಿ ಉತ್ತರಕ್ಕೂ ಮೂರು ಅಂಕಿಗಳ ಸಂಕೇತ ಇರಬೇಕೆಂಬುದು ಅದರಲ್ಲಿದೆ, ಇಂದಿಗೂ ಅದೇ ಪದ್ಧತಿ ನಡೆದಿದೆ. ಸಂಕೇತ 4ರಿಂದ ಆರಂಭವಾದರೆ ಅಡಚಣೆ ತಾತ್ಕಾಲಿಕ: ‘ಈಗ ಆಗುವುದಿಲ್ಲ, ಆಮೇಲೆ ಬನ್ನಿ’ ಎಂದು ಅರ್ಥ. ಕಳುಹಿಸುವ ಸರ್ವರ್ ತಾನಾಗಿಯೇ ಸಾಮಾನ್ಯವಾಗಿ ನಾಲ್ಕೈದು ದಿನಗಳವರೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಸಿಬ್ಬಂದಿ ಪುನಃ ಕಳುಹಿಸುವ ಅಗತ್ಯವಿಲ್ಲ. ಆದರೆ ಕೊನೆಯ ದಿನಾಂಕ ನಾಳೆಯೇ ಇದ್ದರೆ ಈ ನಾಲ್ಕೈದು ದಿನ ಕಾಯುವಂತಿಲ್ಲವೆಂಬುದನ್ನೂ ಮರೆಯಬಾರದು. ಸಂಕೇತ 5ರಿಂದ ಆರಂಭವಾದರೆ ನಿರಾಕರಣೆ ಕಾಯಂ. ಹತ್ತು ಬಾರಿ ಕಳುಹಿಸಿದರೂ ಹತ್ತು ಬಾರಿಯೂ ಹಿಂತಿರುಗುತ್ತದೆ. ಕಾರಣವನ್ನು ಸರಿಪಡಿಸಿದ ಹೊರತು ಪ್ರಯೋಜನವಿಲ್ಲ.

ಇದರ ಜೊತೆಗೆ ಚುಕ್ಕೆಗಳಿಂದ ಬೇರ್ಪಟ್ಟ ಇನ್ನೊಂದು ಸಂಕೇತವೂ ಇರುತ್ತದೆ. 5.1.1 ಎಂದರೆ ಆ ಹೆಸರಿನ ವಿಳಾಸದಾರರು ಅಲ್ಲಿಲ್ಲ. 5.1.2 ಎಂದರೆ ಡೊಮೇನೇ ತಪ್ಪು. 5.2.2 ಅಥವಾ 4.2.2 ಎಂದರೆ ಅವರ ಪೆಟ್ಟಿಗೆ ತುಂಬಿದೆ. 5.3.4 ಎಂದರೆ ಲಗತ್ತು ಮಿತಿಗಿಂತ ದೊಡ್ಡದು. 5.7ರಿಂದ ಆರಂಭವಾದರೆ ಭದ್ರತೆಯ ಕಾರಣಕ್ಕೆ ತಡೆಯಲಾಗಿದೆ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರಿನ ಪಕ್ಕ ಅಂಟಿಸಿದರೆ ಮುಕ್ಕಾಲು ಪಾಲು ಗೊಂದಲ ಪಂಚಾಯತಿಯಲ್ಲಿಯೇ ಬಗೆಹರಿಯುತ್ತದೆ.

ಒಂದು ಅಕ್ಷರದ ತಪ್ಪು

5.1.1 ಎಂಬ ಸಂಕೇತವು ಬಳ್ಳಾರಿ ಜಿಲ್ಲೆಯಲ್ಲಿ ವಿಶೇಷ ಗಮನಕ್ಕೆ ಅರ್ಹವಾಗಿದೆ. ಜಿಲ್ಲೆಯ ಹೆಸರಿನ ಇಂಗ್ಲಿಷ್ ಕಾಗುಣಿತವು 2014ರ ನವೆಂಬರ್ 1ರವರೆಗೆ ‘ಬೆಲ್ಲರಿ’ ಎಂದು ಓದಿಸಿಕೊಳ್ಳುವ ರೀತಿಯಲ್ಲಿತ್ತು. ಆ ದಿನದಿಂದ ಬೆಂಗಳೂರು, ಮೈಸೂರು ಮುಂತಾದ ನಗರಗಳ ಜೊತೆ ಬಳ್ಳಾರಿಯ ಕಾಗುಣಿತವೂ ಕನ್ನಡದ ಉಚ್ಚಾರಣೆಗೆ ಅನುಗುಣವಾಗಿ ಬದಲಾಯಿತು. ಊರಿನ ಹೆಸರು ಬದಲಾದ ಮಾತ್ರಕ್ಕೆ ಹಳೆಯ ಇ-ಮೇಲ್ ವಿಳಾಸಗಳು ತಾವಾಗಿ ಬದಲಾಗುವುದಿಲ್ಲ. ಕೆಲವು ವಿಳಾಸಗಳು ಹಳೆಯ ಕಾಗುಣಿತದಲ್ಲಿಯೇ ಮುಂದುವರಿಯಬಹುದು, ಕೆಲವು ಹೊಸದಾಗಬಹುದು. ‘ಸರಿಯಾದ’ ಕಾಗುಣಿತ ಯಾವುದೆಂದು ಊಹಿಸಿ ಬರೆದವರ ಮೇಲ್ ಹಿಂತಿರುಗುತ್ತದೆ.

ಸಿರುಗುಪ್ಪವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ರ’ಕಾರದ ನಂತರ ಕೆಲವರು ‘ಯು’ ಹಾಕುತ್ತಾರೆ, ಕೆಲವರು ‘ಎ’ ಹಾಕುತ್ತಾರೆ. ಕುರುಗೋಡಿನ ಕೊನೆಯಲ್ಲಿ ಕೆಲವರು ‘ಯು’ ಬರೆಯುತ್ತಾರೆ, ಕೆಲವರು ಬಿಡುತ್ತಾರೆ. ಕನ್ನಡದಲ್ಲಿ ಒಂದೇ ಹೆಸರು, ಸರ್ವರಿನ ಕಣ್ಣಿಗೆ ಅವು ಬೇರೆ ಬೇರೆ ಊರುಗಳು. ಪಾರ್ವತಿನಗರದ ಮನೆಯೊಂದಕ್ಕೆ ಅಡ್ಡರಸ್ತೆಯ ಸಂಖ್ಯೆ ತಪ್ಪಾಗಿ ಬರೆದ ಕಾಗದವನ್ನೂ ಆ ಬಡಾವಣೆಯ ಅಂಚೆಯಣ್ಣ ಹೆಸರು ನೋಡಿ ಸರಿಯಾದ ಬಾಗಿಲಿಗೆ ತಲುಪಿಸಬಲ್ಲ. ಸರ್ವರಿಗೆ ಆ ಪರಿಚಯವೂ ಇಲ್ಲ, ದಾಕ್ಷಿಣ್ಯವೂ ಇಲ್ಲ. ಹಿಂತಿರುಗಿಸಿದರೆ ಅದೃಷ್ಟವೆಂದೇ ಹೇಳಬೇಕು. ತಪ್ಪಾದ ವಿಳಾಸವು ಬೇರೊಬ್ಬರಿಗೆ ಸೇರಿದ್ದಾಗಿದ್ದರೆ ಫಲಾನುಭವಿಗಳ ಆಧಾರ್ ಮತ್ತು ಬ್ಯಾಂಕ್ ವಿವರಗಳು ಅಪರಿಚಿತರ ಕೈಗೆ ಹೋಗುತ್ತವೆ, ಹಿಂತಿರುಗಿದ ಸಂದೇಶವೂ ಬರುವುದಿಲ್ಲ.

ಆಡಳಿತದ ಪುನರ್ವಿಂಗಡಣೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ಕುರುಗೋಡು ಮೊದಲು ಬಳ್ಳಾರಿ ತಾಲ್ಲೂಕಿನ ಭಾಗವಾಗಿದ್ದು ನಂತರ ಪ್ರತ್ಯೇಕ ತಾಲ್ಲೂಕಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಬಳ್ಳಾರಿ ಜಿಲ್ಲೆಯಲ್ಲಿ ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಸಂಡೂರು ಮತ್ತು ಕಂಪ್ಲಿ ಎಂಬ ಐದು ತಾಲ್ಲೂಕುಗಳು ಉಳಿದವು. ಇಂತಹ ಬದಲಾವಣೆಗಳ ಹಿಂದಿನ ವಿಳಾಸ ಪಟ್ಟಿಯನ್ನೇ ಇನ್ನೂ ಬಳಸುವ ಕಚೇರಿಯ ಪತ್ರಗಳು ಸರಿಯಾದ ಕಾಗುಣಿತದಲ್ಲಿಯೇ ತಪ್ಪಾದ ಕಚೇರಿಗೆ ಹೋಗುತ್ತವೆ.

ಇನ್ನೂ ಎರಡು ಸಣ್ಣ ವಿಷಯಗಳಿವೆ. ಸರ್ಕಾರಿ ಜಾಲತಾಣಗಳಲ್ಲಿ ವಿಳಾಸಗಳನ್ನು ಕದಿಯುವ ಕಾರ್ಯಕ್ರಮಗಳಿಂದ ರಕ್ಷಿಸಲು ಚಿಹ್ನೆಯ ಬದಲು ಚೌಕ ಕಂಸದೊಳಗೆ ‘ಅಟ್’, ‘ಡಾಟ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಅದನ್ನು ಹಾಗೆಯೇ ನಕಲು ಮಾಡಿ ಅಂಟಿಸಿದರೆ ಮೇಲ್ ಹೊರಡುವುದೇ ಇಲ್ಲ. ಎರಡನೆಯದಾಗಿ, ಜಿಮೇಲ್ ವಿಳಾಸದ ಹೆಸರಿನ ಭಾಗದಲ್ಲಿ ಚುಕ್ಕೆ ಇದ್ದರೂ ಇಲ್ಲದಿದ್ದರೂ ಒಂದೇ. ಇದಕ್ಕೆ ಒಗ್ಗಿಹೋದವರು ಬೇರೆ ವಿಳಾಸಗಳಲ್ಲಿಯೂ ಚುಕ್ಕೆಯನ್ನು ಲೆಕ್ಕಿಸುವುದಿಲ್ಲ. ಇತರ ಸರ್ವರುಗಳಲ್ಲಿ ಚುಕ್ಕೆಯೂ ಒಂದು ಅಕ್ಷರವೇ.

ತುಂಬಿದ ಪೆಟ್ಟಿಗೆ, ಭಾರವಾದ ಲಗತ್ತು

ಜಿಮೇಲ್‌ನ ಉಚಿತ ಖಾತೆಗೆ 15 ಜಿಬಿ ಜಾಗವಿದೆ. ಆದರೆ ಅದು ಮೇಲ್‌ಗೆ ಮಾತ್ರ ಮೀಸಲಾದುದಲ್ಲ. ಅದೇ ಖಾತೆಯ ಗೂಗಲ್ ಡ್ರೈವ್ ಮತ್ತು ಗೂಗಲ್ ಫೋಟೋಸ್‌ಗೂ ಸೇರಿದ್ದು. ಅಧಿಕಾರಿಯೊಬ್ಬರ ಸ್ವಂತ ಖಾತೆಯನ್ನೇ ಕಚೇರಿ ಕೆಲಸಕ್ಕೆ ಬಳಸಿದಾಗ, ಅವರ ಮೊಬೈಲಿನಿಂದ ತಾನಾಗಿ ಏರಿದ ಮದುವೆ, ನಾಮಕರಣಗಳ ವಿಡಿಯೊಗಳು ಪಂಚಾಯತಿಯ ಟಪಾಲನ್ನು ತಡೆದು ನಿಲ್ಲಿಸಬಹುದು. ಪೆಟ್ಟಿಗೆ ತುಂಬಿದವರಿಗೆ ಮೇಲ್ ಬಾರದಿರುವುದು ತಿಳಿಯುವುದು ತಡವಾಗಿ. ಮೊದಲು ತಿಳಿಯುವವರು ಕಳುಹಿಸಿದವರು, ಅದೂ ಹಿಂತಿರುಗಿದ ಸಂದೇಶವನ್ನು ಓದಿದ್ದರೆ.

ಜಿಮೇಲ್‌ನಿಂದ ಕಳುಹಿಸಬಹುದಾದ ಲಗತ್ತಿನ ಮಿತಿ 25 ಎಂಬಿ. ಸ್ವೀಕರಿಸುವ ಸರ್ವರಿನ ಮಿತಿ ಅದಕ್ಕಿಂತ ಕಡಿಮೆಯಿರಬಹುದು. ಅಲ್ಲದೆ ಲಗತ್ತು ಸಾಗುವಾಗ ಅದರ ಗಾತ್ರ ಹಿಗ್ಗುತ್ತದೆ. ಇ-ಮೇಲ್ ಮೂಲತಃ ಅಕ್ಷರಗಳನ್ನು ಸಾಗಿಸಲು ರೂಪುಗೊಂಡದ್ದರಿಂದ ಚಿತ್ರ, ಪಿಡಿಎಫ್ ಮುಂತಾದವನ್ನು ಅಕ್ಷರರೂಪಕ್ಕೆ ಪರಿವರ್ತಿಸಬೇಕಾಗುತ್ತದೆ. ಪ್ರತಿ ಮೂರು ಬೈಟುಗಳು ನಾಲ್ಕಾಗುತ್ತವೆ. 15 ಎಂಬಿಯ ಕಡತ ದಾರಿಯಲ್ಲಿ ಸುಮಾರು 20 ಎಂಬಿ ತೂಗುತ್ತದೆ. ಕ್ರಿಯಾಯೋಜನೆಯ ಪುಟಗಳನ್ನು 600 ಡಿಪಿಐ ವರ್ಣದಲ್ಲಿ ಸ್ಕ್ಯಾನ್ ಮಾಡುವ ಅಭ್ಯಾಸ ಹಲವೆಡೆ ಇದೆ. 200 ಡಿಪಿಐನಲ್ಲಿ ಕಪ್ಪುಬಿಳುಪಾಗಿ ಮಾಡಿದರೂ ಅಕ್ಷರಗಳು ಸ್ಪಷ್ಟವಾಗಿರುತ್ತವೆ. 600 ಡಿಪಿಐನಲ್ಲಿ ಚುಕ್ಕೆಗಳ ಸಂಖ್ಯೆಯೇ ಅದಕ್ಕಿಂತ ಒಂಬತ್ತು ಪಟ್ಟು ಹೆಚ್ಚು.

ನಂಬಿಕೆಯ ಪರೀಕ್ಷೆ

5.7ರ ನಿರಾಕರಣೆಗಳು ಮತ್ತು ಸ್ಪ್ಯಾಮ್ ವಿಭಾಗ ಸೇರುವ ಮೇಲ್‌ಗಳ ಹಿಂದೆ ಇರುವುದು ಒಂದೇ ಪ್ರಶ್ನೆ: ಪತ್ರದ ಮೇಲೆ ಹೆಸರಿರುವವರೇ ಇದನ್ನು ಕಳುಹಿಸಿದ್ದಾರೆಯೇ? ಲಕೋಟೆಯ ಹಿಂಬದಿಯಲ್ಲಿ ಯಾರು ಬೇಕಾದರೂ ಯಾರ ಹೆಸರನ್ನಾದರೂ ಬರೆಯಬಹುದು, ಇ-ಮೇಲ್‌ನಲ್ಲಿಯೂ ಹಾಗೆಯೇ. ಈ ಮೋಸವನ್ನು ತಡೆಯಲು ಮೂರು ಏರ್ಪಾಡುಗಳು ಬಳಕೆಗೆ ಬಂದಿವೆ. ಎಸ್‌ಪಿಎಫ್ ಎಂಬುದು, ತನ್ನ ಹೆಸರಿನಲ್ಲಿ ಪತ್ರ ಒಯ್ಯಲು ಯಾವ ಯಾವ ಸರ್ವರುಗಳಿಗೆ ಅಧಿಕಾರವಿದೆಯೆಂದು ಡೊಮೇನಿನವರು ಪ್ರಕಟಿಸುವ ಪಟ್ಟಿ. ಡಿಕೆಐಎಂ ಎಂಬುದು ಪತ್ರದ ಮೇಲೆ ಒತ್ತುವ ಅದೃಶ್ಯ ಮೊಹರು. ದಾರಿಯಲ್ಲಿ ಒಕ್ಕಣೆಯನ್ನು ತಿದ್ದಿದರೆ ಮೊಹರು ಹೊಂದುವುದಿಲ್ಲ. ಡಿಎಂಎಆರ್‌ಸಿ ಎಂಬುದು, ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಡೊಮೇನಿನವರು ಕೊಡುವ ಸೂಚನೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು, ದೊಡ್ಡ ಸಂಖ್ಯೆಯಲ್ಲಿ ಮೇಲ್ ಕಳುಹಿಸುವವರಿಗೆ ಈ ಮೂರನ್ನೂ ಕಡ್ಡಾಯಗೊಳಿಸಿವೆ.

ಇವುಗಳನ್ನು ಸರಿಪಡಿಸುವುದು ಡೊಮೇನ್ ನಿರ್ವಹಿಸುವ ತಾಂತ್ರಿಕ ಸಿಬ್ಬಂದಿಯ ಕೆಲಸ. ಪಂಚಾಯತಿಯ ಮಟ್ಟದಲ್ಲಿ ಎರಡು ವಿಷಯಗಳನ್ನು ಮಾತ್ರ ಗಮನಿಸಿದರೆ ಸಾಕು. ತೆರಿಗೆ ಬಿಲ್ಲು ಮುಂತಾದವನ್ನು ಖಾಸಗಿ ಗುತ್ತಿಗೆದಾರರು ತಮ್ಮ ಸರ್ವರಿನಿಂದ ಕಚೇರಿಯ ವಿಳಾಸದ ಹೆಸರಿನಲ್ಲಿ ಕಳುಹಿಸಿದರೆ, ಅಧಿಕೃತ ಪಟ್ಟಿಯಲ್ಲಿ ಆ ಸರ್ವರ್ ಇಲ್ಲದ ಕಾರಣ ಅವು ತಿರಸ್ಕೃತವಾಗುತ್ತವೆ. ಎರಡನೆಯದು ಇನ್ನೂ ಸಾಮಾನ್ಯವಾದುದು: ಕಚೇರಿಯ ಖಾತೆಗೆ ಬಂದ ಮೇಲ್‌ಗಳೆಲ್ಲ ಅಧಿಕಾರಿಯ ಸ್ವಂತ ಖಾತೆಗೆ ತಾವಾಗಿ ಮುಂದೆ ಹೋಗುವಂತೆ ಮಾಡಿಟ್ಟಿರುವುದು. ಹೀಗೆ ಮುಂದೆ ಹೋದ ಪತ್ರದ ಮೇಲೆ ಮೂಲ ಕಚೇರಿಯ ಹೆಸರಿರುತ್ತದೆ, ಒಯ್ದು ತಂದ ಸರ್ವರ್ ಮಾತ್ರ ಬೇರೆ. ಎಸ್‌ಪಿಎಫ್ ಪರೀಕ್ಷೆಯಲ್ಲಿ ಅದು ಸೋಲುತ್ತದೆ, ಮೊಹರೂ ಇಲ್ಲದಿದ್ದರೆ ಸ್ಪ್ಯಾಮ್ ಪಾಲಾಗುತ್ತದೆ. ಅಧಿಕಾರಿಯವರು ‘ಮೇಲ್ ಬಂದಿಲ್ಲ’ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ, ಆದರೆ ಕಚೇರಿಯ ಮೂಲ ಖಾತೆಯನ್ನು ತೆರೆದರೆ ಅದು ಅಲ್ಲಿ ಇರುತ್ತದೆ.

ತಲುಪಿಯೂ ತಲುಪದ ಪತ್ರ

ಕನ್ನಡದ ಕಚೇರಿಗಳಲ್ಲಿ ಕಂಡುಬರುವ ತೊಂದರೆಯೊಂದಿದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶವು ಸರ್ಕಾರಿ ಕಚೇರಿಗಳಲ್ಲಿ ಕನ್ನಡವನ್ನು ಕಂಪ್ಯೂಟರಿಗೆ ತಂದಿತು. ಅದರ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕುಳಿತಿದ್ದವು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ‘ಗ್ರಾಮ ಪಂಚಾಯತಿ’ ಎಂದು ಕಾಣುವುದು, ಫಾಂಟ್ ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಇಂತಹ ಮೇಲನ್ನು ನೋಡಿದ ಅಧಿಕಾರಿಯು ಅದನ್ನು ಕಸವೆಂದು ಅಳಿಸಿದರೆ ತಪ್ಪೆನ್ನಲಾಗದು. ಸರ್ವರಿನ ದೃಷ್ಟಿಯಲ್ಲಿ ಪತ್ರ ತಲುಪಿದೆ, ಯಾವ ಸಂಕೇತವೂ ಹಿಂತಿರುಗುವುದಿಲ್ಲ.

ಇದಕ್ಕೆ ಪರಿಹಾರ ಯುನಿಕೋಡ್. ಇದರಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ಜಗತ್ತಿನಾದ್ಯಂತ ಒಪ್ಪಿತವಾದ ಸ್ವಂತ ಸಂಕೇತವಿದೆ. ನುಡಿಯ ಹೊಸ ಆವೃತ್ತಿಗಳಲ್ಲಿಯೂ ಯುನಿಕೋಡ್ ಸೌಲಭ್ಯವಿದೆ, ಕೀಲಿಮಣೆಯ ವಿನ್ಯಾಸವನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ಹಳೆಯ ಫಾಂಟಿನಲ್ಲಿ ಸಿದ್ಧವಾದ ಪತ್ರವಾದರೆ ಅದನ್ನು ಪಿಡಿಎಫ್ ಮಾಡಿ ಲಗತ್ತಿಸಬೇಕು. ವಿಷಯದ ಸಾಲಿನಲ್ಲಂತೂ ಹಳೆಯ ನುಡಿ ಫಾಂಟಿನ ಪಠ್ಯವನ್ನು ಎಂದಿಗೂ ಅಂಟಿಸಬಾರದು. ಅಲ್ಲಿ ಫಾಂಟ್ ಆರಿಸುವ ಅವಕಾಶವೇ ಇಲ್ಲದ್ದರಿಂದ ಎಲ್ಲರಿಗೂ ಅದು ಕಸವಾಗಿಯೇ ಕಾಣುತ್ತದೆ.

ಇನ್ನೊಂದು ಕಾರಣವು ಯಾರ ಊಹೆಗೂ ನಿಲುಕುವುದಿಲ್ಲ. ಹಳೆಯ ಕಂಪ್ಯೂಟರಿನ ಮದರ್‌ಬೋರ್ಡ್ ಮೇಲೆ ನಾಣ್ಯದ ಆಕಾರದ ಬ್ಯಾಟರಿಯೊಂದಿರುತ್ತದೆ. ಅದು ಸತ್ತರೆ, ವಿದ್ಯುತ್ ಹೋಗಿ ಬಂದಾಗಲೆಲ್ಲ ಕಂಪ್ಯೂಟರಿನ ದಿನಾಂಕ ಹಲವು ವರ್ಷ ಹಿಂದಕ್ಕೆ ಜಿಗಿಯುತ್ತದೆ. ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಗಳಿಗೆ ಅವಧಿ ಇರುವುದರಿಂದ, ದಿನಾಂಕ ತಪ್ಪಿದ್ದರೆ ಮೇಲ್ ತೆರೆಯುವುದೇ ಇಲ್ಲ. ‘ಸರ್ವರ್ ಇಲ್ಲ’ ಎಂದು ದಿನಗಟ್ಟಲೆ ಕಾದ ಕಚೇರಿಯಲ್ಲಿ ಬದಲಿಸಬೇಕಾದುದು ಅಲ್ಪ ಬೆಲೆಯ ಒಂದು ಬ್ಯಾಟರಿ ಮಾತ್ರ.

ಖಾತೆ ಯಾರದು?

ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರು ವರ್ಗಾವಣೆಯಾದಾಗ ಚೆಕ್ ಪುಸ್ತಕ, ನಡಾವಳಿ ಪುಸ್ತಕ, ಬೀರುವಿನ ಕೀಲಿ ಎಲ್ಲವೂ ಪ್ರಭಾರ ಪಟ್ಟಿಯಲ್ಲಿ ದಾಖಲಾಗುತ್ತವೆ. ಇ-ಮೇಲ್ ಖಾತೆ ದಾಖಲಾಗುವುದು ವಿರಳ. ಗುಪ್ತಪದ ಹಳೆಯ ಅಧಿಕಾರಿಯ ನೆನಪಿನಲ್ಲಿರುತ್ತದೆ, ಒಟಿಪಿ ಅವರ ಮೊಬೈಲಿಗೆ ಹೋಗುತ್ತದೆ. ಹೊಸಬರು ಬೇರೊಂದು ಖಾಸಗಿ ಖಾತೆಯನ್ನು ತೆರೆಯುತ್ತಾರೆ. ಜಿಲ್ಲೆಯ ಪಟ್ಟಿಯಲ್ಲಿ ಹಳೆಯ ವಿಳಾಸವೇ ಉಳಿಯುತ್ತದೆ. ಸುತ್ತೋಲೆಗಳು ಯಾರೂ ತೆರೆಯದ ಪೆಟ್ಟಿಗೆಗೆ ಬಂದು ಬೀಳುತ್ತವೆ. ಎರಡು ವರ್ಷ ಬಳಕೆಯಾಗದ ವೈಯಕ್ತಿಕ ಖಾತೆಗಳನ್ನು ಗೂಗಲ್ ಅಳಿಸಿಹಾಕಬಹುದೆಂಬ ನಿಯಮವು 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಹಾಗಾದರೆ ಹಿಂದಿನ ಪತ್ರವ್ಯವಹಾರವೂ ಹೋಯಿತು.

ಭಾರತ ಸರ್ಕಾರದ 2014ರ ಇ-ಮೇಲ್ ನೀತಿಯು ಅಧಿಕೃತ ವ್ಯವಹಾರಕ್ಕೆ ಸರ್ಕಾರಿ ಸೇವೆಯನ್ನೇ ಬಳಸಬೇಕೆಂದು ಹೇಳುವುದರ ಜೊತೆಗೆ ಹುದ್ದೆಯ ಹೆಸರಿನ ಖಾತೆಗಳಿಗೆ ಅವಕಾಶ ಕಲ್ಪಿಸಿತ್ತು. ಹುದ್ದೆಯ ಖಾತೆ ವ್ಯಕ್ತಿಯೊಂದಿಗೆ ವರ್ಗವಾಗುವುದಿಲ್ಲ. ಖಾತೆಯ ಹೆಸರು, ನೋಂದಾಯಿತ ಮೊಬೈಲ್ ಸಂಖ್ಯೆಯ ಬದಲಾವಣೆ ಮತ್ತು ಗುಪ್ತಪದದ ಮರುಹೊಂದಿಕೆ, ಇವು ಮೂರೂ ಪ್ರಭಾರ ಪಟ್ಟಿಯಲ್ಲಿ ಇರಬೇಕೆಂದು ಪಂಚಾಯತಿಯು ನಿರ್ಣಯ ಮಾಡಬಹುದು. ಗುಪ್ತಪದವನ್ನು ಕಾಗದದಲ್ಲಿ ಬರೆಯುವುದು ಬೇಡ, ಮರುಹೊಂದಿಸಲಾಗಿದೆ ಎಂಬ ದಾಖಲೆ ಸಾಕು.

ಕಾನೂನು ಏನು ಹೇಳುತ್ತದೆ

‘ನೋಡಲಿಲ್ಲ’ ಎಂಬುದು ಸಭೆಯಲ್ಲಿ ನಡೆಯುವ ಉತ್ತರವಾದರೂ ಕಾನೂನಿನಲ್ಲಿ ನಡೆಯುವುದು ಕಷ್ಟ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕರಣ 13ರಂತೆ, ಬೇರೆ ಒಪ್ಪಂದವಿಲ್ಲದಿದ್ದಾಗ, ಕಳುಹಿಸಿದವರ ನಿಯಂತ್ರಣವನ್ನು ಮೀರಿದ ಕಂಪ್ಯೂಟರ್ ವ್ಯವಸ್ಥೆಯನ್ನು ದಾಖಲೆ ಪ್ರವೇಶಿಸಿದಾಗ ಅದು ರವಾನೆಯಾಯಿತೆಂದು ಅರ್ಥ. ಸ್ವೀಕರಿಸುವವರು ಒಂದು ವಿಳಾಸವನ್ನು ಗೊತ್ತುಪಡಿಸಿದ್ದರೆ, ಆ ವ್ಯವಸ್ಥೆಯೊಳಗೆ ಪ್ರವೇಶಿಸಿದ ಕ್ಷಣವೇ ಸ್ವೀಕೃತಿಯ ಕ್ಷಣ. ತೆರೆದು ಓದಿದ ಕ್ಷಣವಲ್ಲ. ಸ್ಪ್ಯಾಮ್ ವಿಭಾಗವೂ ಅದೇ ಪೆಟ್ಟಿಗೆಯ ಒಂದು ಖಾನೆ. ಆದರೆ ಗೊತ್ತುಪಡಿಸದ ಬೇರೊಂದು ವಿಳಾಸಕ್ಕೆ ಕಳುಹಿಸಿದ್ದರೆ, ಸ್ವೀಕರಿಸುವವರು ಅದನ್ನು ತೆಗೆದು ನೋಡಿದಾಗ ಮಾತ್ರ ಸ್ವೀಕೃತಿ. ಆದ್ದರಿಂದ ಪಂಚಾಯತಿಯ ಅಧಿಕೃತ ವಿಳಾಸ ಯಾವುದೆಂದು ನಿರ್ಣಯಿಸಿ ಸೂಚನಾ ಫಲಕದಲ್ಲಿ ಪ್ರಕಟಿಸುವುದು ಕೇವಲ ಔಪಚಾರಿಕ ಕ್ರಮವಲ್ಲ. ಪ್ರಕಟಿಸಿದ ಮೇಲೆ ಅದನ್ನು ಪ್ರತಿದಿನ ತೆರೆಯುವ ಹೊಣೆಯೂ ಬರುತ್ತದೆ.

ಈ ಹೊಣೆಗೆ ಬೆಲೆಯೂ ಇದೆ. ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 6ರ ಪ್ರಕಾರ ನಿಗದಿತ ಶುಲ್ಕದೊಂದಿಗೆ ವಿದ್ಯುನ್ಮಾನ ರೂಪದಲ್ಲಿಯೂ ಅರ್ಜಿ ಸಲ್ಲಿಸಬಹುದು. ಉತ್ತರಕ್ಕೆ 30 ದಿನಗಳ ಅವಧಿ. ಸಕಾರಣವಿಲ್ಲದೆ ವಿಳಂಬವಾದರೆ ಮಾಹಿತಿ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿಯವರೆಗೆ ದಂಡ ವಿಧಿಸಲು ಮಾಹಿತಿ ಆಯೋಗಕ್ಕೆ ಅಧಿಕಾರವಿದೆ.

ಪ್ರಕರಣ 12 ಕಳುಹಿಸುವವರಿಗೂ ಒಂದು ರಕ್ಷಣೆ ನೀಡುತ್ತದೆ. ಸ್ವೀಕೃತಿ ಬಂದರೆ ಮಾತ್ರ ಈ ದಾಖಲೆ ಬದ್ಧವೆಂದು ಷರತ್ತು ಹಾಕಿ ಕಳುಹಿಸಿದ್ದಲ್ಲಿ, ಸ್ವೀಕೃತಿ ಬಾರದಿದ್ದರೆ ಅದು ಕಳುಹಿಸಿಯೇ ಇಲ್ಲವೆಂದು ಪರಿಗಣಿತವಾಗುತ್ತದೆ. ಕೊನೆಯ ದಿನಾಂಕವಿರುವ ಪ್ರತಿ ಪತ್ರದ ಅಂತ್ಯದಲ್ಲಿ ‘ಸ್ವೀಕರಿಸಿದ ಬಗ್ಗೆ ಮರು ಇ-ಮೇಲ್ ಮೂಲಕ ದೃಢೀಕರಿಸಲು ಕೋರಿದೆ’ ಎಂಬ ಒಂದು ಸಾಲು ಸೇರಿಸುವುದು ಈ ಷರತ್ತಿನಷ್ಟು ಬಿಗಿಯಾದುದಲ್ಲವಾದರೂ, ಮುದ್ದಾಂ ಟಪಾಲಿನ ಮೊಹರಿಗೆ ಸಮನಾದ ದಾಖಲೆಯನ್ನು ಒದಗಿಸುತ್ತದೆ.

ದೂರು ಸಲ್ಲಿಸುವ ಕ್ರಮ

ಪಂಚಾಯತಿಯ ಮಟ್ಟದಲ್ಲಿ ಬಗೆಹರಿಯದ ತೊಂದರೆಯನ್ನು ಜಿಲ್ಲಾ ಎನ್‌ಐಸಿ ಕೇಂದ್ರದ ಗಮನಕ್ಕೆ ತರಬೇಕಾಗುತ್ತದೆ. ‘ಮೇಲ್ ಹೋಗುತ್ತಿಲ್ಲ’ ಎಂಬ ಒಂದು ಸಾಲಿನ ದೂರಿನಿಂದ ಯಾವ ತಂತ್ರಜ್ಞರಿಗೂ ಉಪಯೋಗವಿಲ್ಲ. ಒಳ್ಳೆಯ ದೂರು ಹೇಗಿರಬೇಕೆಂಬುದಕ್ಕೆ ಅಮೆರಿಕದ ಒಂದು ಪ್ರಸಂಗ ಪ್ರಸಿದ್ಧವಾಗಿದೆ. 1990ರ ದಶಕದಲ್ಲಿ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಮೇಲ್ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದ ಟ್ರೇ ಹ್ಯಾರಿಸ್ ಇದನ್ನು 2002ರಲ್ಲಿ ಬರೆದು ತಿಳಿಸಿದರು. ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರು ಅವರಿಗೆ ದೂರವಾಣಿ ಮಾಡಿ, ತಮ್ಮ ಇ-ಮೇಲ್ 500 ಮೈಲಿಗಿಂತ, ಎಂದರೆ ಸುಮಾರು 800 ಕಿ.ಮೀ.ಗಿಂತ ದೂರ ಹೋಗುತ್ತಿಲ್ಲವೆಂದು ದೂರಿದರು. ಇ-ಮೇಲ್‌ಗೂ ದೂರಕ್ಕೂ ಏನು ಸಂಬಂಧವೆಂದು ಹ್ಯಾರಿಸ್ ನಂಬಲಿಲ್ಲ. ಆದರೆ ಸಂಖ್ಯಾಶಾಸ್ತ್ರದವರು ದಿನಗಟ್ಟಲೆ ಪರೀಕ್ಷಿಸಿ, ಯಾವ ಊರಿಗೆ ಹೋಯಿತು, ಯಾವ ಊರಿಗೆ ಹೋಗಲಿಲ್ಲ ಎಂಬುದರ ದಾಖಲೆ ಇಟ್ಟಿದ್ದರು. ಪರೀಕ್ಷಿಸಿ ನೋಡಿದಾಗ ಅದು ನಿಜವಾಗಿತ್ತು. ಯಾರೋ ಸರ್ವರಿನ ತಂತ್ರಾಂಶವನ್ನು ಬದಲಿಸುವಾಗ ಮೇಲ್ ಕಾರ್ಯಕ್ರಮವು ಹಳೆಯ ಆವೃತ್ತಿಗೆ ಹೋಗಿತ್ತು. ಹೊಸ ಆವೃತ್ತಿಗಾಗಿ ಬರೆದ ಸೂಚನೆಗಳು ಅದಕ್ಕೆ ಅರ್ಥವಾಗದೆ, ಸಂಪರ್ಕಕ್ಕಾಗಿ ಕಾಯುವ ಅವಧಿ ಸೊನ್ನೆಯಾಗಿತ್ತು. ವಾಸ್ತವದಲ್ಲಿ ಅದು ಮೂರು ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಕಾಯುತ್ತಿತ್ತು. ಅಷ್ಟರಲ್ಲಿ ಬೆಳಕು ಸಾಗುವ ದೂರದ ಲೆಕ್ಕ ಹಾಕಿದರೆ 500 ಮೈಲಿಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಕಾರಣ ಪತ್ತೆಯಾದದ್ದು ಆ ವಿಭಾಗದವರು ಇಟ್ಟ ದಾಖಲೆಯಿಂದ.

ಗ್ರಾಮ ಪಂಚಾಯತಿಯ ದೂರಿನಲ್ಲಿ ಅಷ್ಟು ಪರೀಕ್ಷೆ ಬೇಕಾಗಿಲ್ಲ. ಯಾವ ವಿಳಾಸದಿಂದ ಯಾವ ವಿಳಾಸಕ್ಕೆ, ಯಾವ ದಿನಾಂಕ ಮತ್ತು ಸಮಯದಲ್ಲಿ ಕಳುಹಿಸಲಾಯಿತು, ಲಗತ್ತಿನ ಗಾತ್ರವೆಷ್ಟು, ಹಿಂತಿರುಗಿದ ಸಂದೇಶದ ಪೂರ್ಣ ಪಠ್ಯವೇನು, ಬೇರೆ ವಿಳಾಸಕ್ಕೆ ಅದೇ ದಿನ ಮೇಲ್ ಹೋಯಿತೇ ಎಂಬುದಿದ್ದರೆ ಸಾಕು. ಸಂದೇಶವನ್ನು ಮೊಬೈಲಿನಲ್ಲಿ ಅರ್ಧಂಬರ್ಧ ಚಿತ್ರ ತೆಗೆಯುವ ಬದಲು ಪೂರ್ಣವಾಗಿ ಮುದ್ರಿಸಿ ಕಡತದಲ್ಲಿ ಸೇರಿಸಬೇಕು.

ಇದೆಲ್ಲ ದಾಖಲಾಗುವ ಸ್ಥಳವು ಈಗಾಗಲೇ ಪಂಚಾಯತಿಯಲ್ಲಿರುವ ಆವಕ-ಜಾವಕ ವಹಿಯೇ. ಅದರಲ್ಲಿ ಇ-ಮೇಲ್‌ಗೂ ಪತ್ರಸಂಖ್ಯೆ ಕೊಟ್ಟು, ಷರಾ ಕಲಂನಲ್ಲಿ ಅದರ ಗತಿಯನ್ನು ಬರೆಯತಕ್ಕದ್ದು. ಮೇಲೆ ಕಲ್ಪಿಸಿಕೊಂಡ ಪಂಚಾಯತಿಯಲ್ಲಿ ಶುಕ್ರವಾರ ಸಂಜೆಯೇ ಆ ಕಲಂ ತುಂಬಿದ್ದರೆ ನಮೂದು ಇಷ್ಟೇ ಇರುತ್ತಿತ್ತು: ‘5.1.1, ವಿಳಾಸ ತಪ್ಪು, ಹಿಂತಿರುಗಿದೆ. ದೂರವಾಣಿಯಲ್ಲಿ ವಿಳಾಸ ಖಚಿತಪಡಿಸಿಕೊಂಡು ಸಂಜೆ 5.40ಕ್ಕೆ ಮರುರವಾನೆ. ಸೋಮವಾರ ಬೆಳಿಗ್ಗೆ ಮುದ್ರಿತ ಪ್ರತಿ ಮುದ್ದಾಂ ಮೂಲಕ. ಸ್ವೀಕೃತಿ ಲಗತ್ತಿಸಿದೆ.’